ಮನೆ–ನಿವೇಶನ, ಓದುಗರ ಪ್ರಶ್ನೆ: ತುಮಕೂರಿನಲ್ಲಿ ಸೈಟೋ, ಫ್ಲ್ಯಾಟೋ?

ಪ್ರಶ್ನೆ: ನಾವಿಬ್ಬರೂ ಗುಬ್ಬಿ ತಾಲ್ಲೂಕಿನವರು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ದಾಸರಹಳ್ಳಿಯಲ್ಲಿ ಬಾಡಿಗೆಗಿದ್ದೇವೆ. ಕೈಯಲ್ಲಿ 28 ಲಕ್ಷ ರೂಪಾಯಿ ಉಳಿತಾಯವಿದೆ, ಬ್ಯಾಂಕಿನವರು 25 ಲಕ್ಷ ಸಾಲ ಕೊಡಲು ಒಪ್ಪಿದ್ದಾರೆ. ಇನ್ನು ಹನ್ನೆರಡು ವರ್ಷಕ್ಕೆ ನಿವೃತ್ತನಾಗುತ್ತೇನೆ, ಆಮೇಲೆ ತುಮಕೂರಿನಲ್ಲಿ ನೆಲೆಸುವ ಆಸೆ. ಊರುಕೆರೆಯ ಆಚೆ ಹೊಸ ಲೇಔಟೊಂದರಲ್ಲಿ 30x40ರ ಸೈಟು 26 ಲಕ್ಷಕ್ಕೆ ಬಂದಿದೆ. ಮೆಟ್ರೊ ಬರುವುದರಿಂದ ಐದು ವರ್ಷಕ್ಕೆ ಬೆಲೆ ದುಪ್ಪಟ್ಟಾಗುತ್ತದೆ ಎಂದು ಏಜೆಂಟರು ಹೇಳುತ್ತಾರೆ, ಈ ವಾರವೇ 3 ಲಕ್ಷ ಮುಂಗಡ ಕೇಳುತ್ತಿದ್ದಾರೆ. ಬಟವಾಡಿಯಲ್ಲಿ ಎಂಟು ವರ್ಷ ಹಳೆಯದಾದ ಎರಡು ಮಲಗುವ ಕೋಣೆಗಳ ಫ್ಲ್ಯಾಟೊಂದು 46 ಲಕ್ಷಕ್ಕಿದೆ. ಅದೇ ಕಟ್ಟಡದಲ್ಲಿ ತಿಂಗಳ ಬಾಡಿಗೆ 12,000 ನಡೆಯುತ್ತಿದೆ. ಎರಡರಲ್ಲಿ ಯಾವುದನ್ನು ಕೊಳ್ಳುವುದು ಮೇಲು?

ಉತ್ತರ: ಈ ವಾರ ಮುಂಗಡ ಕೊಡಬೇಡಿ. ಐನೂರು ಚದರ ಮೀಟರಿಗಿಂತ ದೊಡ್ಡದಾದ ಯಾವುದೇ ಹೊಸ ಲೇಔಟಿನ ಸೈಟುಗಳನ್ನು ಮಾರಾಟಕ್ಕಿಡುವ ಮೊದಲು ಅದನ್ನು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ನೋಂದಾಯಿತ ಮಾರಾಟ ಕರಾರು ಆಗದೆ ಒಟ್ಟು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯಲು ಲೇಔಟ್ ಮಾಡಿದವರಿಗೆ ಅಧಿಕಾರವಿಲ್ಲ. 26 ಲಕ್ಷಕ್ಕೆ ಶೇ. 10 ಎಂದರೆ 2.60 ಲಕ್ಷ. ನಿಮ್ಮಲ್ಲಿ ಕೇಳುತ್ತಿರುವುದು ಅದಕ್ಕಿಂತ ಹೆಚ್ಚು, ಅದೂ ಕರಾರಿನ ಮಾತೇ ಇಲ್ಲದೆ. ಮೊದಲು ರೇರಾ ನೋಂದಣಿ ಸಂಖ್ಯೆಯನ್ನು ಬರಹದಲ್ಲಿ ಪಡೆದು ಪ್ರಾಧಿಕಾರದ ಜಾಲತಾಣದಲ್ಲಿ ತಾಳೆ ನೋಡಿ. ಸಂಖ್ಯೆ ಕೊಡಲು ಹಿಂದೆಮುಂದೆ ನೋಡಿದರೆ ಆ ಸೈಟಿನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಇನ್ನು ಮೆಟ್ರೊ ವಿಚಾರ. ನಮಗೆ ಬರುವ ಹೆಚ್ಚಿನ ಪತ್ರಗಳಲ್ಲಿ ಈ ಮಾತಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಸಿರು ಮಾರ್ಗ ಈಗ ಮಾದಾವರದವರೆಗೆ ಓಡುತ್ತಿದೆ. ಅಲ್ಲಿಂದ ತುಮಕೂರಿಗೆ ಇನ್ನೂ 50 ಕಿಲೋಮೀಟರಿಗಿಂತ ಹೆಚ್ಚು ದೂರವಿದ್ದು, ಆ ವಿಸ್ತರಣೆ ಅಧ್ಯಯನ ಮತ್ತು ವರದಿಗಳ ಮಟ್ಟದ ಪ್ರಸ್ತಾವವೇ ಹೊರತು ಕಾಮಗಾರಿಯಲ್ಲ. ನಾಗಸಂದ್ರದಿಂದ ಮಾದಾವರದವರೆಗಿನ ಸುಮಾರು 3 ಕಿಲೋಮೀಟರ್ ಮಾರ್ಗದ ಕೆಲಸ 2017ರಲ್ಲಿ ಶುರುವಾಗಿ, ರೈಲು ಓಡಿದ್ದು 2024ರ ನವೆಂಬರಿನಲ್ಲಿ. ಬೆಂಗಳೂರಿನ ಮೊದಲ ಹಂತದ 42 ಕಿಲೋಮೀಟರಿಗೆ 2007ರಿಂದ 2017ರವರೆಗೆ ಹತ್ತು ವರ್ಷ ಹಿಡಿಯಿತು. ಮೆಟ್ರೊ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಐದು ವರ್ಷಕ್ಕೆ ಬೆಲೆ ದುಪ್ಪಟ್ಟಾಗಬೇಕಾದರೆ ಅದು ಪ್ರತಿ ವರ್ಷ ಸುಮಾರು ಶೇ. 15ರಂತೆ, ಒಂದು ವರ್ಷವೂ ಬಿಡದೆ ಏರುತ್ತಿರಬೇಕು. ಇನ್ನೂ ಅಡಿಗಲ್ಲೇ ಇಡದ ಮಾರ್ಗವನ್ನು ನಂಬಿ ಇಂದಿನ ಬೆಲೆಯಲ್ಲಿ ಅದರ ಪಾಲನ್ನೂ ಸೇರಿಸಿ ಕೊಡುವುದು ಸಂಬಳದಲ್ಲಿ ಬದುಕುವವರಿಗೆ ತಕ್ಕದ್ದಲ್ಲ.

ತುಮಕೂರಿನಲ್ಲಿ ಹಣ ಹೂಡಲು ಮೆಟ್ರೊಗಿಂತ ಗಟ್ಟಿಯಾದ ಕಾರಣಗಳಿವೆ, ಅವು ಊರಿನೊಳಗೇ ಇವೆ. ಬೆಂಗಳೂರಿನಿಂದ 70 ಕಿಲೋಮೀಟರ್ ದೂರದ ಇದು, ಅಲ್ಲಿ ದುಡಿಯುವವರು ರಾತ್ರಿ ಮಲಗಲಷ್ಟೇ ಬರುವ ಊರಾಗಿ ಎಂದೂ ಇರಲಿಲ್ಲ. ಸಿದ್ಧಗಂಗಾ ಮಠದ ವಿದ್ಯಾಸಂಸ್ಥೆಗಳು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು, 2004ರಲ್ಲಿ ಆರಂಭವಾದ ವಿಶ್ವವಿದ್ಯಾಲಯ, ವಸಂತನರಸಾಪುರದ ಕೈಗಾರಿಕಾ ಪ್ರದೇಶ, ನಿಮ್ಮದೇ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಇವುಗಳಿಗಾಗಿ ಬಂದವರು ಈ ಊರಿನಲ್ಲೇ ಬಾಡಿಗೆ ಕೊಟ್ಟು ಇರುತ್ತಾರೆ. ಹೀಗಾಗಿ ಕೊಳ್ಳುವ ಮನೆಗೆ ನಾಳೆಯೇ ಬಾಡಿಗೆದಾರ ಸಿಗುತ್ತಾನೆಯೇ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಊರುಕೆರೆಯ ಆಚೆಯ ಖಾಲಿ ಸೈಟಿಗೆ ಈ ಅಳತೆ ಅನ್ವಯಿಸುವುದೇ ಇಲ್ಲ. 26 ಲಕ್ಷದ ಜೊತೆಗೆ ಮುದ್ರಾಂಕ ಶುಲ್ಕ, ಮೇಲ್ತೆರಿಗೆ ಮತ್ತು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಇನ್ನೂ ಸುಮಾರು 2 ಲಕ್ಷ ಬೇಕಾಗುತ್ತದೆ. ಅಲ್ಲಿಗೆ ನಿಮ್ಮ ಉಳಿತಾಯವೆಲ್ಲ ಮುಗಿದು, ಹನ್ನೆರಡು ವರ್ಷ ಒಂದು ರೂಪಾಯಿಯೂ ಹುಟ್ಟದ ನೆಲವಷ್ಟೇ ಕೈಯಲ್ಲಿ ಉಳಿಯುತ್ತದೆ.

ಇಷ್ಟಾದರೂ ನಿಮ್ಮ ಮನಸ್ಸು ಸೈಟಿನ ಕಡೆಗೇ ಇದ್ದರೆ, ಕಾಗದಗಳನ್ನು ವಕೀಲರಿಗೆ ಕೊಡುವ ಮೊದಲು ನೀವೇ ಮಾಡಬಹುದಾದ ಒಂದು ಲೆಕ್ಕವಿದೆ. ಭೂಪರಿವರ್ತನೆ ಆದೇಶದಲ್ಲಿ ಜಮೀನಿನ ವಿಸ್ತೀರ್ಣ ಬರೆದಿರುತ್ತದೆ. ಅದು 1 ಎಕರೆ 20 ಗುಂಟೆ ಎಂದುಕೊಳ್ಳಿ. ಒಟ್ಟು 60 ಗುಂಟೆ, ಗುಂಟೆಗೆ 1,089 ಚದರಡಿಯಂತೆ 65,340 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಇವನ್ನು ಬಿಟ್ಟರೆ ಅನುಮೋದಿತ ಲೇಔಟಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು ನೆಲ ಮಾತ್ರ ಸೈಟುಗಳಿಗೆ ಉಳಿಯುತ್ತದೆ. ಅಂದರೆ 1,200 ಚದರಡಿಯ ಸೈಟುಗಳು ಮೂವತ್ತರ ಆಸುಪಾಸಿನಲ್ಲಿ ಸಿಗಬೇಕು. ಏಜೆಂಟರ ಕೈಯಲ್ಲಿರುವ ಬಣ್ಣದ ನಕ್ಷೆಯಲ್ಲಿ ಐವತ್ತು ಸೈಟುಗಳಿದ್ದರೆ, ಆ ನಕ್ಷೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ನಕ್ಷೆಯಾಗಿರುವುದು ಕಷ್ಟ. ಪ್ರಾಧಿಕಾರದ ಮೊಹರಿರುವ ನಕ್ಷೆಯನ್ನೇ ಕೇಳಿ. ಅದರಲ್ಲಿ ನಿಮ್ಮ ಸೈಟಿನ ಸಂಖ್ಯೆ ಇದೆಯೇ, ರಸ್ತೆ–ಚರಂಡಿ–ದೀಪದ ಕೆಲಸ ಮುಗಿದು ಆ ಸೈಟು ಪ್ರಾಧಿಕಾರದಿಂದ ಬಿಡುಗಡೆಯಾಗಿದೆಯೇ ಎಂದು ನೋಡಿ. ಅನುಮೋದನೆ ಸಿಕ್ಕ ಮಾತ್ರಕ್ಕೆ ಎಲ್ಲ ಸೈಟುಗಳನ್ನೂ ಒಮ್ಮೆಗೇ ಮಾರಲು ಬರುವುದಿಲ್ಲ, ಅವು ಹಂತಹಂತವಾಗಿ ಬಿಡುಗಡೆಯಾಗುತ್ತವೆ.

ಮೂಲಪತ್ರಗಳಲ್ಲಿ ಎರಡು ಕಡೆ ಹೆಚ್ಚು ಎಚ್ಚರ ಬೇಕು. ಜಮೀನು ಹಿಂದೆ ಯಾರಿಗಾದರೂ ಸರ್ಕಾರದಿಂದ ಮಂಜೂರಾಗಿತ್ತೇ, ಸಾಗುವಳಿ ಚೀಟಿಯ ಮೂಲಕ ಬಂದದ್ದೇ ಎಂಬುದು ಮೊದಲನೆಯದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸಿದೆ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಆ ಜಮೀನಿನ ಮೇಲೆ ಮೂಲ ಕುಟುಂಬಕ್ಕಿರುವ ಹಕ್ಕು ನ್ಯಾಯವಾದದ್ದು, ಅದರ ನಡುವೆ ನಿಮ್ಮ ಉಳಿತಾಯ ಸಿಕ್ಕಿಕೊಳ್ಳಬಾರದು. ಎರಡನೆಯದು ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ತರಿಸಿಕೊಂಡು, ಅದರಲ್ಲಿರುವ ಪ್ರತಿ ಮಗಳೂ ಕ್ರಯಪತ್ರಕ್ಕೆ ಸಹಿ ಹಾಕಿದ್ದಾಳೆಯೇ, ಇಲ್ಲವೇ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಟ್ಟಿದ್ದಾಳೆಯೇ ಎಂದು ನೋಡಿ. ‘ಅಕ್ಕ ತಂಗಿಯರು ತಕರಾರು ಮಾಡುವುದಿಲ್ಲ’ ಎಂಬ ಬಾಯಿಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ನೀರಿನ ವಿಚಾರವನ್ನು ಏಜೆಂಟರು ತಾವಾಗಿ ಎತ್ತುವುದಿಲ್ಲ. ತುಮಕೂರು ನಗರಕ್ಕೆ ಕುಡಿಯುವ ನೀರು ಬರುವುದು ಗೊರೂರಿನ ಹೇಮಾವತಿ ಜಲಾಶಯದಿಂದ. ಅದು ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗುತ್ತದೆ. ಆ ನೀರು ನಗರಪಾಲಿಕೆಯ ಕೊಳವೆ ಇರುವ ಕಡೆಗಷ್ಟೇ ತಲುಪುತ್ತದೆ. ಅದರಾಚೆಗೆ ಕೊಳವೆಬಾವಿಯೇ ಗತಿ. ಜಾಗ ನೋಡಲು ಹೋಗುವುದಾದರೆ ಮಳೆಗಾಲದಲ್ಲಿ ಬೇಡ, ಏಪ್ರಿಲಿನಲ್ಲಿ ಹೋಗಿ. ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ ಬೋರು ಎಷ್ಟು ಅಡಿ ಕೊರೆದಿದ್ದಾರೆ, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ತರಿಸುತ್ತಾರೆ ಎಂದು ಕೇಳಿ. ಮಾತಾಡಿಸಲು ಅಕ್ಕಪಕ್ಕದಲ್ಲಿ ಮನೆಗಳೇ ಇಲ್ಲದಿದ್ದರೆ ಅದನ್ನೂ ಗಮನಿಸಿಕೊಳ್ಳಿ.

ಈಗ ಫ್ಲ್ಯಾಟು. ವರ್ಷಕ್ಕೆ 1.44 ಲಕ್ಷ ಬಾಡಿಗೆ ಎಂದರೆ 46 ಲಕ್ಷದ ಮೇಲೆ ಶೇ. 3ಕ್ಕಿಂತ ಸ್ವಲ್ಪ ಹೆಚ್ಚಾಯಿತು. ಆಸ್ತಿ ತೆರಿಗೆ, ನಿರ್ವಹಣೆ, ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟ ಕಳೆದರೆ ಅದೂ ಇಳಿಯುತ್ತದೆ. 25 ಲಕ್ಷ ಸಾಲಕ್ಕೆ ಶೇ. 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 21,700 ರೂಪಾಯಿ ಬರುತ್ತದೆ. ಬಾಡಿಗೆ ಕಳೆದು ಪ್ರತಿ ತಿಂಗಳು 10,000ದಷ್ಟನ್ನು ನೀವು ಸಂಬಳದಿಂದ ತುಂಬಬೇಕು, ಜೊತೆಗೆ ದಾಸರಹಳ್ಳಿಯ ಬಾಡಿಗೆಯನ್ನೂ ಕಟ್ಟಬೇಕು. ಸಾಲದ ಅವಧಿ ನಿವೃತ್ತಿಯ ಆಚೆಗೂ ಚಾಚುತ್ತದೆ, ಆದ್ದರಿಂದ ಹನ್ನೆರಡು ವರ್ಷದೊಳಗೆ ತೀರಿಸುವ ಯೋಚನೆ ಇರಬೇಕು. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತದೆ ಎಂಬುದೂ ನಿಜ. ಫ್ಲ್ಯಾಟಿನ ಬೆಲೆ ಏರುವುದು ಅದರ ಪಾಲಿಗೆ ಬರುವ ಅವಿಭಜಿತ ನೆಲದಿಂದ. ಆ ಪಾಲು ಎಷ್ಟು ಚದರಡಿ ಎಂಬುದು ಕ್ರಯಪತ್ರದ ಷೆಡ್ಯೂಲಿನಲ್ಲಿ ಇರುತ್ತದೆ, ಓದಿ ನೋಡಿ. ನಗರಪಾಲಿಕೆಯ ಇ–ಖಾತೆ ಇಲ್ಲದೆ ಈಗ ನೋಂದಣಿ ಸಾಧ್ಯವಿಲ್ಲದ್ದರಿಂದ ಅದನ್ನು ಮಾರುವವರೇ ತೋರಿಸಬೇಕು. ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನ ಪ್ರಮಾಣಪತ್ರವನ್ನೂ (ಒ.ಸಿ.) ಕೇಳಿ. ಅದನ್ನು ತೋರಿಸದ ಹೊರತು ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಕಾಗದದ ತೂಕ ಹೆಚ್ಚಾಗಿದೆ.

ನೀವು ಹೇಳಿದ ಎರಡರಲ್ಲೇ ಆರಿಸಬೇಕಾದರೆ, ಸ್ವಾಧೀನ ಪ್ರಮಾಣಪತ್ರವೂ ಇ–ಖಾತೆಯೂ ಸರಿಯಿದ್ದಲ್ಲಿ ನಾನು ಫ್ಲ್ಯಾಟನ್ನೇ ಹೇಳುತ್ತೇನೆ. ನೋಂದಣಿ ವೆಚ್ಚ ಸುಮಾರು 3.5 ಲಕ್ಷ ಸೇರಿದರೂ ಕೈಯಲ್ಲಿ ಮೂರೂವರೆ ಲಕ್ಷದಷ್ಟು ಉಳಿಯುತ್ತದೆ. ಅದನ್ನು ಮುಟ್ಟಬೇಡಿ. ಆದರೆ ಇನ್ನೂ ಕೆಲವು ತಿಂಗಳು ಕಾಯುವ ವ್ಯವಧಾನ ಇದ್ದರೆ, ಮರಳೂರು, ಕ್ಯಾತ್ಸಂದ್ರದ ಕಡೆ ಈಗಾಗಲೇ ಜನ ವಾಸವಿರುವ ಅನುಮೋದಿತ ಬಡಾವಣೆಗಳಲ್ಲಿ 20x30ರ ಹಳೆಯ ಒಂದಂತಸ್ತಿನ ಮನೆ ಸಿಗುತ್ತದೆಯೇ ಎಂದು ಹುಡುಕಿ. ಬಾಡಿಗೆಯೂ ಬರುತ್ತದೆ, ಪೂರ್ತಿ ನೆಲವೂ ನಿಮ್ಮದೇ ಆಗುತ್ತದೆ, ನಿವೃತ್ತಿಯ ಹೊತ್ತಿಗೆ ಬೇಕಾದಂತೆ ಕಟ್ಟಿಕೊಳ್ಳಬಹುದು. ನಿಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಹೂಡಿಕೆ ಈ ಊರಿನಲ್ಲಿ ನನಗೆ ಕಾಣುವುದಿಲ್ಲ.

ಪ್ರಶ್ನೆ: ಹೆಗ್ಗೆರೆ ಸಮೀಪ 2016ರಲ್ಲಿ ಕೊಂಡ ಸೈಟಿಗೆ ಗ್ರಾಮ ಪಂಚಾಯಿತಿಯಿಂದ ನಮೂನೆ 11ಬಿ ಸಿಕ್ಕಿದೆ. ಸಾಲ ಮಾಡಿ ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಡಬಹುದೇ?

ಉತ್ತರ: ಪಂಚಾಯಿತಿ ತೆರಿಗೆ ಪಡೆಯುತ್ತಿದೆ ಎಂಬುದಕ್ಕೆ 11ಬಿ ದಾಖಲೆಯೇ ಹೊರತು ಲೇಔಟು ಅನುಮೋದಿತ ಎಂಬುದಕ್ಕಲ್ಲ. ಭೂಪರಿವರ್ತನೆಯಾಗಿ ನಕ್ಷೆಗೆ ಅನುಮೋದನೆ ದೊರೆತ ಆಸ್ತಿಗೆ ಸಿಗುವುದು ನಮೂನೆ 9 ಮತ್ತು 11ಎ. ಅನುಮೋದನೆಯಿಲ್ಲದ ನಿಮ್ಮಂಥ ಸೈಟಿಗೆ, ಅಂದರೆ ರೆವಿನ್ಯೂ ಸೈಟಿಗೆ, ಹೆಚ್ಚಿನ ಬ್ಯಾಂಕುಗಳು ಗೃಹಸಾಲ ಕೊಡುವುದಿಲ್ಲ, ಕೊಡುವ ಕಡೆ ಬಡ್ಡಿ ಹೆಚ್ಚು. ಸಕ್ರಮ ಆಗಿಯೇ ಆಗುತ್ತದೆ ಎಂಬ ನಂಬಿಕೆಯಲ್ಲಿ ಕಟ್ಟಿಸಬೇಡಿ. ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ನೀಡಿದೆ. ಸೈಟು ನಿಮ್ಮ ಕೈಯಲ್ಲಿದೆ, ತೆರಿಗೆ ಕಟ್ಟುತ್ತಾ ಬೇಲಿ ಹಾಕಿಸಿ ಕಾಪಾಡಿಕೊಳ್ಳಿ. ಸಾಲದ ಹೊರೆ ಅದರ ಮೇಲೆ ಬೇಡ.

ಪ್ರಶ್ನೆ: ನಾನು ದುಬೈನಲ್ಲಿ ಉದ್ಯೋಗದಲ್ಲಿದ್ದೇನೆ. ತುಮಕೂರು–ಕುಣಿಗಲ್ ರಸ್ತೆಯಲ್ಲಿ ಕಾಲು ಎಕರೆಯ ‘ಫಾರ್ಮ್ ಪ್ಲಾಟ್’ ಕೊಳ್ಳಬೇಕೆಂದಿದ್ದೇನೆ. ಕೃಷಿಕರಲ್ಲದವರೂ ಈಗ ಕೊಳ್ಳಬಹುದಂತೆ. ತೊಂದರೆಯಾದರೆ ತಂದೆಯವರ ಹೆಸರಿಗೆ ಮಾಡಿಸಬಹುದೇ?

ಉತ್ತರ: ರಾಜ್ಯದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದು ಸರಿ. ಆದರೆ ಅನಿವಾಸಿ ಭಾರತೀಯರಿಗೆ ಕೇಂದ್ರದ ವಿದೇಶಿ ವಿನಿಮಯ ಕಾನೂನು ಬೇರೆಯೇ ಇದೆ. ಅವರು ವಾಸದ ಮತ್ತು ವಾಣಿಜ್ಯ ಆಸ್ತಿ ಕೊಳ್ಳಬಹುದೇ ಹೊರತು ಕೃಷಿ ಜಮೀನು, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಪಹಣಿ ಇನ್ನೂ ಬರುತ್ತಿರುವ ಪರಿವರ್ತನೆಯಾಗದ ಜಮೀನಿಗೆ ಬೇಲಿ, ಗೇಟು, ಹೆಸರು ಏನಿಟ್ಟರೂ ಅದು ಕೃಷಿ ಜಮೀನೇ. ನಿಮ್ಮ ಹಣದಲ್ಲಿ ತಂದೆಯವರೊಬ್ಬರ ಹೆಸರಿಗೆ ಮಾಡಿಸಿದರೆ ಬೇನಾಮಿ ಕಾನೂನಿನ ತೊಡಕು ಬರುತ್ತದೆ. ಅವರದೇ ಹಣದಲ್ಲಿ ಕೊಂಡು ಮುಂದೆ ಉತ್ತರಾಧಿಕಾರವಾಗಿ ನಿಮಗೆ ಬಂದರೆ ಅಡ್ಡಿಯಿಲ್ಲ. ನಗರದಲ್ಲಿ ಫ್ಲ್ಯಾಟೋ ಅನುಮೋದಿತ ಸೈಟೋ ಕೊಳ್ಳುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರಕ್ಕೆ ಸಹಿ ಮಾಡಿ ಕಳಿಸಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪತ್ರದಲ್ಲಿ ಇಂಥ ಆಸ್ತಿ, ಇಂಥ ಕೆಲಸ ಎಂದು ಸ್ಪಷ್ಟವಾಗಿರಲಿ. ಹಣವೆಲ್ಲ ನಿಮ್ಮ ಅನಿವಾಸಿ ಖಾತೆಯಿಂದ ಬ್ಯಾಂಕಿನ ಮೂಲಕವೇ ಹೋಗಲಿ.

ಪ್ರಶ್ನೆ: 2012ರಲ್ಲಿ ತುಮಕೂರಿನಲ್ಲಿ ಕೊಂಡ ಸೈಟನ್ನು ಈಗ ಮಾರಿ ಬೆಂಗಳೂರಿನಲ್ಲಿ ಸೈಟು ಕೊಂಡರೆ ತೆರಿಗೆ ಉಳಿಯುತ್ತದೆಯೇ?

ಉತ್ತರ: ಸೈಟು ಕೊಂಡು ಸುಮ್ಮನೆ ಬಿಟ್ಟರೆ ಉಳಿಯುವುದಿಲ್ಲ. ಮಾರಿದ ಎರಡು ವರ್ಷದೊಳಗೆ ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿ ಮುಗಿಸಬೇಕು. ನೀವು ಮಾರುತ್ತಿರುವುದು ಮನೆಯಲ್ಲ, ಸೈಟು. ಹಾಗಾಗಿ ಪೂರ್ತಿ ವಿನಾಯಿತಿ ಬೇಕಾದರೆ ಲಾಭದಷ್ಟನ್ನು ಮಾತ್ರ ತೊಡಗಿಸಿದರೆ ಸಾಲದು, ಮಾರಾಟದಿಂದ ಬಂದ ನಿವ್ವಳ ಹಣವನ್ನೆಲ್ಲ ತೊಡಗಿಸಬೇಕು. ಮಾರುವ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ತೆರಿಗೆ ಕಟ್ಟುವುದೇ ಆದರೆ, 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಯಾದ್ದರಿಂದ ನಿಮಗೆ ಎರಡು ದಾರಿಗಳಿವೆ. ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ. 12.5, ಹೊಂದಾಣಿಕೆ ಮಾಡಿ ಶೇ. 20. ಎರಡನ್ನೂ ಲೆಕ್ಕ ಹಾಕಿಸಿ, ಕಡಿಮೆ ಬರುವುದನ್ನು ಕಟ್ಟಿ. ಆದಾಯ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದೊಳಗೆ ಮನೆ ಸಿಗದಿದ್ದರೆ, ಹಣವನ್ನು ಉಳಿತಾಯ ಖಾತೆಯಲ್ಲಿ ಬಿಡದೆ ಬ್ಯಾಂಕಿನಲ್ಲಿ ಬಂಡವಾಳ ಲಾಭದ ಖಾತೆ ತೆರೆದು ಅದರಲ್ಲಿ ಇಡಬೇಕು.