ನರ್ಸಿಂಗ್ ವಿದ್ಯಾರ್ಥಿಗಳಿಗೆ ರೋಗಿಯನ್ನು ನೋಡಿ ಯೋಚಿಸುವುದನ್ನು, ಧೈರ್ಯವಾಗಿ ಹೇಳುವುದನ್ನು ಕಲಿಸುವುದು ಹೇಗೆ?

ನಿಮ್ಮ ವಿದ್ಯಾರ್ಥಿನಿಯರು ವಾರ್ಡಿನಲ್ಲಿ ಬಾಯೇ ಬಿಡಲ್ಲ, ಆತ್ಮವಿಶ್ವಾಸದ ವರ್ಕ್‌ಶಾಪ್ ಮಾಡಿಸಲೇ ಅಂತ ಕೇಳಿದ್ದೀರಿ. ಬೇಡ. ನನ್ನ ವಿದ್ಯಾರ್ಥಿನಿ ಬಾಯಿ ಬಿಟ್ಟಿದ್ದಳು. ಮುಚ್ಚಿಸಿದ್ದು ನಾನು.

ನಾನು ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ಅಂದರೆ ವಾರ್ಡಿನಲ್ಲೇ ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವವಳು, ಆಗಿ ಎರಡನೇ ವರ್ಷ. ಹೆರಿಗೆ ವಾರ್ಡು, ಮಧ್ಯಾಹ್ನದ ಹೊತ್ತು. ಸಿಸೇರಿಯನ್ ಆಗಿ ನಾಲ್ಕು ಗಂಟೆಯಾಗಿದ್ದ ಬಾಣಂತಿ. ಹುಡುಗಿ ಬಂದು "ಮೇಡಂ, ಆರನೇ ಬೆಡ್ಡಿನವರು ಒಂಥರಾ ಇದಾರೆ" ಅಂದಳು. ಒಂಥರಾ ಅಂದರೆ ಹೇಗಮ್ಮ ಅಂತ ಕೇಳಲಿಲ್ಲ ನಾನು. "ಬಿಪಿ ಎಷ್ಟು?" ಅಂದೆ. 110/70. ಹೋಗಿ ನೋಡಿದೆ: ಪ್ಯಾಡ್ ಅಷ್ಟೇನೂ ಒದ್ದೆಯಿಲ್ಲ, ಗರ್ಭಕೋಶ ಗಟ್ಟಿಯಾಗಿದೆ. ಚಾರ್ಟಿನಲ್ಲಿ ಉಸಿರಾಟ 28 ಅಂತ ಬರೆದಿದ್ದಳು. ಮೇಲಿನ ಮೂರು ಸಾಲಿನಲ್ಲೂ 20, 20, 20. "ಎಲ್ಲ ನಾರ್ಮಲ್ ಇದೆ. ಇದನ್ನ ಸರಿಯಾಗಿ ಎಣಿಸಿಕೊಂಡು ಬಾ" ಅಂದೆ. ಹೋಗಿ ಬಂದಳು. 28 ಹೊಡೆದುಹಾಕಿ 22 ಬರೆದಿದ್ದಳು.

ಆ 22 ಎಣಿಸಿದ್ದಲ್ಲ, ನನ್ನ ಮುಖ ನೋಡಿ ಬರೆದದ್ದು. ಮೇಲಿನ ಮೂರು 20 ಕೂಡ ಯಾರೂ ಎಣಿಸಿದ್ದಲ್ಲ, ವಾರ್ಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಅಂದರೆ ಅಷ್ಟೂ ಜನರಲ್ಲಿ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದವಳು ಇವಳೊಬ್ಬಳೇ, ನಾನು ಅವಳನ್ನೇ ಸುಳ್ಳು ಬರೆಯುವಂತೆ ಮಾಡಿದೆ. ರಕ್ತ ಹೋಗುತ್ತಿದ್ದರೂ ಹರೆಯದ ಹೆಣ್ಣುಮಗಳ ಮೈ ಬಿಪಿಯನ್ನು ತುಂಬ ಹೊತ್ತು ಹಿಡಿದು ನಿಲ್ಲಿಸುತ್ತದೆ. ಮೊದಲು ಏರುವುದು ನಾಡಿ, ಉಸಿರು. ಪಾಠ ಮಾಡುವಾಗ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ! ಆಕೆಯ ನಾಡಿ 116. ಅದನ್ನು ಮೇಲಿನ ಬಿಪಿ 110ರಿಂದ ಭಾಗಿಸಿದರೆ 1 ದಾಟುತ್ತದೆ. ಬಾಣಂತಿಯಲ್ಲಿ 0.9 ದಾಟಿದರೇ ಎಚ್ಚರವಾಗಬೇಕು. ಎರಡೂ ಅಂಕಿ ಒಂದೇ ಕಾಗದದ ಮೇಲಿದ್ದವು.

ಗಂಟೆಯೊಳಗೆ ಬಿಪಿ 80ಕ್ಕೆ ಬಿತ್ತು. ಹೊಟ್ಟೆಯೊಳಗೇ ರಕ್ತ ಸೋರುತ್ತಿತ್ತು. ಮತ್ತೆ ಓಟಿ, ನಾಲ್ಕು ಬಾಟಲಿ ರಕ್ತ. ತಾಯಿ ಉಳಿದಳು. ಹುಡುಗಿ ಆ ಪೋಸ್ಟಿಂಗ್ ಮುಗಿಯುವವರೆಗೂ ನನ್ನ ಹತ್ತಿರ ಏನನ್ನೂ ಹೇಳಲಿಲ್ಲ.

ಹಾಗಾಗಿ ಧೈರ್ಯ ತುಂಬುವ ಮಾತು ನನಗೆ ರುಚಿಸಲ್ಲ. ಬರೀ ಧೈರ್ಯ ಬಂದು ಎಣಿಕೆ ಬರದ ನರ್ಸನ್ನೂ ನೋಡಿದ್ದೇನೆ, ಅದು ಇನ್ನೂ ಅಪಾಯ. ಈಗ ನಾನು ಯಾರಾದರೂ "ಒಂಥರಾ" ಅಂದರೆ ಚಾರ್ಟ್ ಮುಚ್ಚಿಸುತ್ತೇನೆ. "ಏನು ಕಂಡೆ?" ಅಂತ ಕೇಳುತ್ತೇನೆ. ಅವತ್ತು ನಾನು ಇದನ್ನು ಕೇಳಿರಲಿಲ್ಲ; ಆಮೇಲೆ ತಿಳಿಯಿತು, ಆ ಬಾಣಂತಿ ಪದೇ ಪದೇ ನೀರು ಕೇಳುತ್ತಿದ್ದಳಂತೆ, ಪಕ್ಕದಲ್ಲಿದ್ದ ಮಗುವಿನ ಕಡೆ ತಿರುಗಿಯೂ ನೋಡಿರಲಿಲ್ಲವಂತೆ. ಕಂಡದ್ದು ಹೇಳಿದ ಮೇಲೆ, ಇದಕ್ಕೆ ಎರಡು ಕಾರಣ ಹೇಳು, ಯಾವುದು ಅಂತ ತಿಳಿಯೋಕೆ ಮುಂದೆ ಏನು ನೋಡ್ತೀಯ ಅಂತ ಕೇಳುತ್ತೇನೆ. "ಗೊತ್ತಿಲ್ಲ ಮೇಡಂ" ಅನ್ನಬಹುದು. "ನಾರ್ಮಲ್" ಅನ್ನುವ ಹಾಗಿಲ್ಲ, ಅಂಕಿಯನ್ನೇ ಹೇಳಬೇಕು. ಡಾಕ್ಟರಿಗೆ ಫೋನ್ ಮಾಡುವುದನ್ನೂ ನನ್ನೆದುರು ಆಡಿಸುತ್ತೇನೆ, ಕೊನೆಯ ವಾಕ್ಯ "ನೀವು ಬಂದು ನೋಡಬೇಕು" ಅಂತಲೇ ಇರಬೇಕು.

ಕೇರ್ ಪ್ಲಾನ್ (ರೋಗಿಯ ತೊಂದರೆ, ಆರೈಕೆ ಬರೆದಿಡುವ ಕಾಗದ) ಬರೆಸುವುದರಿಂದ ಯೋಚನೆ ಬರುತ್ತದೆ ಅಂತ ಮಾತ್ರ ನಂಬಬೇಡಿ. ನೋವು, ಆತಂಕ, ತಿಳುವಳಿಕೆಯ ಕೊರತೆ, ಸೋಂಕಿನ ಅಪಾಯ: ಸೀನಿಯರ್ ಫೈಲಿನಿಂದ ಇಳಿಸಿದ ಅದೇ ನಾಲ್ಕು ಎಲ್ಲರದ್ದರಲ್ಲೂ ಇರುತ್ತವೆ, ನಾವೂ ಸಹಿ ಹಾಕುತ್ತೇವೆ.

ವರ್ಕ್‌ಶಾಪಿನ ದುಡ್ಡಲ್ಲಿ ಪ್ರತಿಯೊಬ್ಬರಿಗೂ ಸೆಕೆಂಡ್ ಮುಳ್ಳಿರುವ ಒಂದೊಂದು ವಾಚ್ ಕೊಡಿಸಿ. ನಮ್ಮಲ್ಲಿ ವಾರ್ಡಿನೊಳಗೆ ಮೊಬೈಲ್ ಬಿಡಲ್ಲ, ಅರ್ಧ ಜನರ ಕೈಯಲ್ಲಿ ವಾಚೇ ಇರಲಿಲ್ಲ.