ಮಕ್ಕಳು ಕಟ್ಟಿದ ಐನ್‌ಮನೆಯನ್ನು ಸರಿ ಮಾಡೋಕೆ ಹೋಗಬೇಡಿ

ಕೊಡಗಿಗೆ ಪದೇ ಪದೇ ಬರೋಕೆ ಆಗಲ್ಲ, ಅದಕ್ಕೆ ಕಂಪ್ಯೂಟರಿನಲ್ಲೇ ಒಂದು ಐನ್‌ಮನೆ (ಕೊಡವ ಒಕ್ಕದ, ಅಂದರೆ ಕುಲದ, ಮೂಲ ಮನೆ) ಕಟ್ಟಿಸಿ, ಅದರಲ್ಲಿ ಮಕ್ಕಳಿಗೆ ಕಲೆ ಕಲಿಸುತ್ತಾ ಎಥ್ನೋಗ್ರಫಿ (ಜನರ ಜೊತೆ ಇದ್ದು ಅವರ ಬದುಕನ್ನು ನೋಡಿ ಬರೆಯುವ ಅಧ್ಯಯನ) ಕೆಲಸವನ್ನೂ ಅಲ್ಲೇ ಮುಗಿಸಬಹುದಾ, ಅದಕ್ಕೆ ಯಾವ ಪ್ಲಾಟ್‌ಫಾರ್ಮ್ ಒಳ್ಳೆಯದು ಅಂತ ಕೇಳಿದ್ದೀರಿ. ಓದಿದಾಗ ನನ್ನದೇ ಹಳೆಯ ಪ್ರಸ್ತಾವನೆ ಓದಿದ ಹಾಗಾಯಿತು. ನಾನು ಇರುವುದು ಗೋಣಿಕೊಪ್ಪದ ಕಡೆ, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಆಗ ಪಿಎಚ್‌ಡಿಗೂ ಸೇರಿಕೊಂಡಿದ್ದೆ. ಕ್ಲಾಸು, ಸಂಶೋಧನೆ ಎರಡೂ ಒಂದೇ ಕೆಲಸದಲ್ಲಿ ಆಗಿಬಿಡುತ್ತದೆ ಅಂತ ಬಹಳ ಖುಷಿಯಲ್ಲಿ ಶುರು ಮಾಡಿದ್ದೆ.

ಪ್ಲಾಟ್‌ಫಾರ್ಮ್ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ, ಅದು ದೊಡ್ಡ ವಿಷಯವೇ ಅಲ್ಲ. ನಾವು ಬಳಸಿದ್ದು ಲುವಾಂಟಿ. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್ ಅಂತಿತ್ತು. ಮೈನ್‌ಕ್ರಾಫ್ಟ್ ಆಟದ ತರಹವೇ ಬ್ಲಾಕ್ ಜೋಡಿಸಿ ಕಟ್ಟುವುದು. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಇಂಟರ್ನೆಟ್ಟೂ ಬೇಡ. ಒಂದು ಲ್ಯಾಪ್‌ಟಾಪನ್ನು ಸರ್ವರ್ ಮಾಡಿ, ಒಂದು ವೈಫೈ ರೂಟರ್ ಇಟ್ಟರೆ ಇಡೀ ಕ್ಲಾಸು ಒಂದೇ ಲೋಕದೊಳಗೆ ಓಡಾಡಬಹುದು. ಮೈನ್‌ಕ್ರಾಫ್ಟ್‌ನ ಎಜುಕೇಶನ್ ಆವೃತ್ತಿಯೂ ಚೆನ್ನಾಗಿದೆ, ಆದರೆ ಅದಕ್ಕೆ ಶಾಲೆಯ ಮೈಕ್ರೋಸಾಫ್ಟ್ ಖಾತೆ, ಲೈಸೆನ್ಸ್ ಎಲ್ಲ ಬೇಕು. ಕಣ್ಣಿಗೆ ಹಾಕಿಕೊಳ್ಳುವ ವಿಆರ್ ಹೆಡ್‌ಸೆಟ್ ಬೇಡವೇ ಬೇಡ. ಒಬ್ಬರು ಹಾಕಿಕೊಂಡರೆ ಉಳಿದವರು ಸುಮ್ನೆ ಸಾಲಿನಲ್ಲಿ ನಿಂತಿರುತ್ತಾರೆ. ಇನ್ನೊಂದು ಮಾತು, ಬೇರೆಯವರ ಸರ್ವರಿನ ಮೇಲೆ ನಿಮ್ಮ ಅಧ್ಯಯನ ನಿಲ್ಲಿಸಬೇಡಿ. ಇಂಥದ್ದೇ ಆನ್‌ಲೈನ್ ಲೋಕಗಳಲ್ಲಿ ಆಲ್ಟ್‌ಸ್ಪೇಸ್ ವಿಆರ್ 2023ರಲ್ಲಿ ಮುಚ್ಚಿತು, ಮೊಜಿಲ್ಲಾದವರ ಹಬ್ಸ್ ಸೇವೆ 2024ರ ಮೇ ತಿಂಗಳಿಗೆ ನಿಂತಿತು. ನಿಮ್ಮ ಲೋಕ ನಿಮ್ಮ ಮಷೀನಿನಲ್ಲೇ ಒಂದು ಫೋಲ್ಡರ್ ಆಗಿ ಇರಲಿ.

ಈಗ ನಡೆದದ್ದು ಹೇಳುತ್ತೇನೆ.

ಬೇಸಿಗೆ ರಜೆಯ ಶಿಬಿರ ಅದು. ಮೊದಲು ಮಕ್ಕಳನ್ನು ಹತ್ತಿರದ ಒಂದು ಹಳೆಯ ಐನ್‌ಮನೆಗೆ ಕರೆದುಕೊಂಡು ಹೋದೆ. ಗದ್ದೆಯ ಮೇಲಿನ ಇಳಿಜಾರಿನಲ್ಲಿ ಇದ್ದ ಮನೆ. ಓಣಿ ಹತ್ತಿ ಹೋದರೆ ಮುಂದೆ ಕೈಯಾಲೆ, ಅಂದರೆ ಜಗಲಿ, ಅಲ್ಲಿ ಕೆತ್ತನೆಯ ಕಂಬಗಳು, ಕಂಬಗಳ ನಡುವೆ ಹಿರಿಯರು ಕೂರುವ ಅಗಲವಾದ ಹಲಗೆ, ಐಮರ. ಒಳಗೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕೋಣೆಗಳು, ಒಂದು ಮೂಲೆಯಲ್ಲಿ ಕನ್ನಿಕೊಂಬರೆ, ಅಂದರೆ ದೇವರ ಕೋಣೆ. ಮಕ್ಕಳು ನೋಡಿದರು, ಮುಟ್ಟಿದರು, ಸ್ಕೆಚ್ ಮಾಡಿಕೊಂಡರು. ಆಮೇಲೆ ಕಂಪ್ಯೂಟರಿನಲ್ಲಿ ಇಬ್ಬಿಬ್ಬರಿಗೆ ಒಂದೊಂದು ಜಾಗ ಕೊಟ್ಟು, "ನಿಮಗೆ ಗೊತ್ತಿರುವ ಐನ್‌ಮನೆ ಕಟ್ಟಿ" ಅಂದೆ. ಕನ್ನಿಕೊಂಬರೆ ಬಗ್ಗೆ ಮನೆಯವರನ್ನು ಮೊದಲೇ ಕೇಳಿದ್ದೆ. ಹೊರಗಿನಿಂದ ಬಾಗಿಲು ತೋರಿಸಿ ಸಾಕು, ಒಳಗೆ ಯಾರೂ ಓಡಾಡುವ ಹಾಗೆ ಮಾಡಬೇಡಿ ಅಂದರು. ಹಾಗೇ ಮಾಡಿಸಿದೆ. ನೀವೂ ಕೇಳಿ. ಫೋಟೋಗೆ ಒಪ್ಪಿದವರು ಕಂಪ್ಯೂಟರಿನ ಯಾವುದೋ ಗೊಂಬೆ ದೇವರ ಕೋಣೆಯೊಳಗೆ ಕುಣಿಯುವುದಕ್ಕೂ ಒಪ್ಪಿದ್ದಾರೆ ಅಂತ ಅಂದುಕೊಳ್ಳಬಾರದು.

ಕಲೆಯ ಕಡೆಯಿಂದ ಮೊದಲ ವಾರ ನಿಜವಾಗಿಯೂ ಚೆನ್ನಾಗಿತ್ತು. ಒಂದು ಜೋಡಿ ಅಂಗಳವೇ ಇಲ್ಲದೆ ಪೂರ್ತಿ ಮಾಡು (ಚಾವಣಿ) ಮುಚ್ಚಿ ಮನೆ ಕಟ್ಟಿದ್ದರು. ಒಳಗೆ ಹೋದರೆ ಕಗ್ಗತ್ತಲು. ಲುವಾಂಟಿಯಲ್ಲಿ ಬಿಸಿಲು ಮೇಲಿಂದ ನೇರ ಕೆಳಗಿಳಿಯುತ್ತದೆ, ಅಲ್ಲಿಂದ ಪಕ್ಕಕ್ಕೆ ಹೋಗುತ್ತಾ ಬ್ಲಾಕಿಗೆ ಒಂದು ಹಂತದಂತೆ ಕಡಿಮೆಯಾಗುತ್ತದೆ. ಅವರಲ್ಲಿ ಒಬ್ಬ ಹುಡುಗ ಮಾಡಿನಲ್ಲಿ ಒಂದು ಬ್ಲಾಕ್ ತೆಗೆದ, ಕೆಳಗೆ ಒಂದು ಚೌಕ ಬೆಳಗಿತು. ಇನ್ನೂ ನಾಲ್ಕು ತೆಗೆದ. ಪಕ್ಕದ ಕೋಣೆಯ ಬಾಗಿಲವರೆಗೆ ಬೆಳಕು ಬಂತು, ಮೂಲೆ ಮಾತ್ರ ಮಬ್ಬಾಗಿಯೇ ಉಳಿಯಿತು. ನಡುವೆ ಯಾಕೆ ತೆರೆದ ಅಂಗಳ ಇಟ್ಟಿದ್ದಾರೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ. ಮರುದಿನ ಪೆನ್ಸಿಲಿನಲ್ಲಿ ಶೇಡಿಂಗ್ ಮಾಡಿಸಿದಾಗ ಅದೇ ಹುಡುಗ ಮೂಲೆಯನ್ನು ಸರಿಯಾಗಿ ಕಪ್ಪು ಮಾಡಿದ. ಅಳತೆ, ಬೆಳಕು, ನಡೆಯುತ್ತಾ ಹೋದಂತೆ ನೋಟ ಬದಲಾಗುವುದು, ಗೋಡೆಯ ಹಿಂದೆ ಏನಿದೆ ಅಂತ ತಿಳಿದು ಚಿತ್ರ ಬರೆಯುವುದು, ಇಷ್ಟನ್ನು ಈ ಲೋಕ ಚೆನ್ನಾಗಿ ಕಲಿಸುತ್ತದೆ. ಕಂಬದ ಕೆತ್ತನೆಯನ್ನು ಕಲಿಸುವುದಿಲ್ಲ. ಒಂದು ಬ್ಲಾಕ್ ಅಂದರೆ ಲೆಕ್ಕಕ್ಕೆ ಒಂದು ಮೀಟರ್, ಅದರಲ್ಲಿ ಎಂಥ ಕೆತ್ತನೆ? ಅದಕ್ಕೆ ಕಾಗದ ಹಿಡಿದು ಕಂಬದ ಮುಂದೆಯೇ ಕೂರಬೇಕು.

ಸಂಶೋಧನೆಯ ಕಡೆಯಿಂದಲೂ ಆ ವಾರ ಬಂಗಾರದಂಥದ್ದು, ಆಗ ನನಗೆ ಅದು ಗೊತ್ತಾಗಲಿಲ್ಲ. ಆ ಮನೆಯ ಅಜ್ಜ ಒಂದು ದಿನ ಶಿಬಿರಕ್ಕೆ ಬಂದಿದ್ದರು. ನಾನು ಮೊದಲು ಅವರ ಮನೆಗೇ ಹೋಗಿ ಪ್ರಶ್ನೆಪಟ್ಟಿ ಹಿಡಿದು ಕೇಳಿದಾಗ ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಿದ್ದರು. ಇಲ್ಲಿ ಒಬ್ಬ ಹುಡುಗ ಓಣಿಯನ್ನು ಹೈವೇ ತರಹ ನೇರ ಹಾಕಿದ್ದ. ಅಜ್ಜ ಸ್ಕ್ರೀನಿಗೆ ಬೆರಳಿಟ್ಟು, "ಓಣಿ ಎಲ್ಲಾದರೂ ಹೀಗೆ ನೇರ ಇರುತ್ತದಾ ಮಗಾ? ಬರುವವನು ಮನೆಯವರಿಗೆ ಮೊದಲು ಕಾಣಬೇಕು, ಮನೆ ಅವನಿಗೆ ಆಮೇಲೆ ಕಾಣಬೇಕು" ಅಂತ ಶುರು ಮಾಡಿದವರು, ಯಾರ ಕಾಲದಲ್ಲಿ ಓಣಿಯ ಪಕ್ಕದ ಮಣ್ಣಿನ ಬರೆ ಕುಸಿಯಿತು, ಜೀಪು ಬರಲಿ ಅಂತ ಯಾವಾಗ ಅಗಲ ಮಾಡಿದರು, ಅದಕ್ಕೆ ಮನೆಯೊಳಗೇ ಏನು ಜಗಳ ಆಯಿತು, ಎಲ್ಲ ಹೇಳಿದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಹುಡುಗನ ನೇರ ಓಣಿ ಆಡಿಸಿದ ಮಾತು ಅದು, ನನ್ನ ಪ್ರಶ್ನೆಪಟ್ಟಿಯಿಂದ ಬರದೇ ಇದ್ದದ್ದು.

ಅದನ್ನು ಕಣ್ಣಾರೆ ನೋಡಿಯೂ ನಾನು ಮಾಡಿದ್ದು ಏನು ಗೊತ್ತಾ? ಪ್ರತಿ ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಕೂತು ಅವರು ಕಟ್ಟಿದ್ದನ್ನು ಸರಿ ಮಾಡುತ್ತಿದ್ದೆ. ಓಣಿ ಬಾಗಿಸಿದೆ. ಕೈಯಾಲೆಗೆ ಹಾಕಿದ್ದ ತಗಡಿನ ಶೀಟು ಕಿತ್ತು ಹೆಂಚು ಹೊದಿಸಿದೆ. ಒಬ್ಬಳು ಕಾಫಿ ಕಣವನ್ನು ಮನೆಗಿಂತ ಎರಡು ಪಟ್ಟು ದೊಡ್ಡದು ಮಾಡಿದ್ದಳು, ಅದನ್ನು ಚಿಕ್ಕದು ಮಾಡಿದೆ. ಐಮರದ ಎದುರು ಟಿವಿ ಇತ್ತು, ತೆಗೆದೆ. ಕೊನೆಯ ದಿನ ಪ್ರೊಜೆಕ್ಟರಿನಲ್ಲಿ ಊರಿನ ಹಿರಿಯರಿಗೆ ತೋರಿಸುವುದು ಅಂತಿತ್ತು. ಅವರ ಮುಂದೆ ತಪ್ಪು ಐನ್‌ಮನೆ ತೋರಿಸಿದರೆ ಮಾನ ಹೋಗುತ್ತದೆ ಅಂತ ನನಗೆ. ಡ್ರಾಯಿಂಗ್ ಟೀಚರ್ ಕೈ ಬೇರೆ, ಮಗು ಬರೆದದ್ದರ ಮೇಲೆ ತಿದ್ದಿ ತಿದ್ದಿ ಅಭ್ಯಾಸ. ಹಳೆಯ ಪ್ರತಿ ಇಟ್ಟುಕೊಳ್ಳಲಿಲ್ಲ. ಏನು ತೆಗೆದೆ, ಯಾಕೆ ತೆಗೆದೆ ಅಂತ ಒಂದು ಸಾಲೂ ಬರೆದಿಡಲಿಲ್ಲ.

ಇದರಲ್ಲಿ ಒಂದು ಮನೆಯ ವಿಷಯ ವಿವರವಾಗಿ ಹೇಳಲೇಬೇಕು. ತೋಟದ ಲೈನ್ ಮನೆಯಿಂದ (ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆ) ಬರುತ್ತಿದ್ದ ಹುಡುಗಿ ಅವಳು. ಮಾತು ಕಮ್ಮಿ. ಅವಳು ಕಟ್ಟಿದ ಐನ್‌ಮನೆಯ ಮುಂದಿನ ಗೋಡೆಯಲ್ಲಿ ಬಾಗಿಲೇ ಇರಲಿಲ್ಲ, ಕಂಬವಿಲ್ಲ, ಐಮರವಿಲ್ಲ, ಬರೀ ಸಪಾಟು ಗೋಡೆ. ಹಿಂದೆ ಹೋಗಿ ನೋಡಿದರೆ ಎಲ್ಲ ಅಲ್ಲೇ ಇತ್ತು. ಅಡುಗೆಮನೆಯ ಹಿಂಬಾಗಿಲು, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ, ಸೌದೆ ರಾಶಿ, ಮೂರು ಮೆಟ್ಟಿಲು. ಮೆಟ್ಟಿಲಿಂದ ಕಾಫಿ ಗಿಡಗಳ ನಡುವೆ ಒಂದು ಕಾಲುದಾರಿ ಇಳಿದು ಲೈನಿಗೆ ಹೋಗುತ್ತಿತ್ತು. ಲೈನಿನ ಮನೆಗಳು ಒಂದೇ ಅಳತೆ, ಒಂದೊಂದು ಕಿಟಕಿ, ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ದೀಪ. ಆ ದೀಪಗಳನ್ನು ಬಹಳ ಜಾಗ್ರತೆಯಿಂದ ಇಟ್ಟಿದ್ದಳು, ಎಲ್ಲ ಒಂದೇ ಎತ್ತರದಲ್ಲಿ. "ನಿಮಗೆ ಗೊತ್ತಿರುವ ಐನ್‌ಮನೆ ಕಟ್ಟಿ" ಅಂದಿದ್ದೆ ಅಲ್ವಾ, ಅವಳಿಗೆ ಗೊತ್ತಿದ್ದದ್ದು ಇದು. ಅಮ್ಮ ಕೆಲಸಕ್ಕೆ ಹೋಗುವಾಗ ಜೊತೆಗೆ ಹೋಗಿ ನೋಡಿದ್ದು, ಹಿಂದಿನಿಂದ.

ನಾನು ಮುಂದಿನ ಗೋಡೆ ಒಡೆದು ಕೈಯಾಲೆ, ಕಂಬ, ಐಮರ ಹಾಕಿದೆ, ಹಿಂಬಾಗಿಲು ಮುಚ್ಚಿದೆ. ಲೈನ್ ಮನೆಗಳು ಪ್ಲಾನಿನಲ್ಲಿ ಇಲ್ಲ ಅಂತ ಎಲ್ಲ ಅಳಿಸಿದೆ, ದೀಪ ಸಹಿತ. ಮರುದಿನ ಅವಳು ಬಂದು ತನ್ನ ಮನೆಯ ಸುತ್ತ ಒಂದು ಸುತ್ತು ಹಾಕಿ, "ಮಿಸ್, ಹಿಂದಿನ ಬಾಗಿಲು ಎಲ್ಲಿ?" ಅಂದಳು. "ಐನ್‌ಮನೆ ಹಾಗಿರಲ್ಲಮ್ಮ, ನಾನು ಸರಿ ಮಾಡಿದ್ದೀನಿ ನೋಡು" ಅಂದೆ. ತಲೆಯಾಡಿಸಿದಳು. ಆಮೇಲೆ ಹೇಳಿದ ಕಡೆ ಹೂವಿನ ಗಿಡ ಇಡುತ್ತಾ ಕೂತಳು, ತಾನಾಗಿ ಏನನ್ನೂ ಕಟ್ಟಲಿಲ್ಲ. ಶಿಬಿರ ಮುಗಿಯುವ ಮೊದಲೇ ಬರುವುದನ್ನೂ ಬಿಟ್ಟಳು.

ಕೊನೆಯ ದಿನ ಹಿರಿಯರು ಬಂದರು, ನೋಡಿದರು, ಚೆನ್ನಾಗಿದೆ ಅಂದರು, ಕಾಫಿ ಕುಡಿದು ಹೋದರು. ಯಾರೂ ಬೆರಳಿಟ್ಟು ಜಗಳ ಆಡಲಿಲ್ಲ. ಜಗಳ ಆಡುವುದಕ್ಕೆ ಏನೂ ಉಳಿದಿರಲಿಲ್ಲ. ಪಿಎಚ್‌ಡಿ ಗೈಡ್‌ಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಇದರಲ್ಲಿ ಮಕ್ಕಳು ಮಾಡಿದ್ದು ಯಾವುದು, ನೀವು ಮಾಡಿದ್ದು ಯಾವುದು? ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಧ್ಯಾಯ ಅಲ್ಲಿಗೆ ಬಿದ್ದುಹೋಯಿತು. ನಮ್ಮ ಕೊಡವರ ಬಗ್ಗೆ 1952ರಲ್ಲೇ ಪುಸ್ತಕ ಬರೆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಗೊತ್ತಲ್ಲ, ಮೈಸೂರು ಕಡೆಯ ಹಳ್ಳಿಯೊಂದರ ಬಗ್ಗೆ ಅವರು ಸಿದ್ಧ ಮಾಡಿಕೊಂಡಿದ್ದ ಟಿಪ್ಪಣಿಗಳೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಆದರೂ ನೆನಪಿನಿಂದಲೇ ಬರೆದರು. ಯಾಕೆಂದರೆ ಅವರು ಆ ಹಳ್ಳಿಯಲ್ಲಿ ಕೂತು ಕಣ್ಣುಬಿಟ್ಟು ನೋಡಿದ್ದರು. ನಾನು ಮಕ್ಕಳ ಕೆಲಸವನ್ನು ನೋಡಿದ್ದು ಯಾವುದನ್ನು ಅಳಿಸಬೇಕು ಅಂತ ಹುಡುಕುವುದಕ್ಕೆ. ಆ ಒಂದು ಹಿಂಬಾಗಿಲು ಬಿಟ್ಟರೆ ಉಳಿದ ಮನೆಗಳು ನನ್ನ ನೆನಪಿನಲ್ಲೂ ಸರಿಯಾಗಿ ಇಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕೊಡಗಿಗೆ ಬರುವುದನ್ನು ತಪ್ಪಿಸಿಕೊಳ್ಳಲು ಕಂಪ್ಯೂಟರಿನ ಐನ್‌ಮನೆ ಅಂತ ಹೊರಟರೆ ಅಲ್ಲಿ ನಿಮಗೆ ಸಿಗುವುದು ನೀವೇ ಒಳಗೆ ಇಟ್ಟದ್ದು ಮಾತ್ರ. ಆ ಲೋಕದಲ್ಲಿ ಅಧ್ಯಯನ ಮಾಡಲು ನಿಜವಾಗಿ ಇರುವುದು ಅಲ್ಲಿ ಜನ ಏನು ಮಾಡುತ್ತಾರೆ ಅನ್ನುವುದು. ಟಾಮ್ ಬೋಲ್‌ಸ್ಟಾರ್ಫ್ ಎಂಬ ಮಾನವಶಾಸ್ತ್ರಜ್ಞ 2004ರಿಂದ 2007ರವರೆಗೆ ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ಲೋಕದ ಒಳಗೆ ಫೀಲ್ಡ್‌ವರ್ಕ್ ಮಾಡಿದರು. ಅಲ್ಲೇ ಒಂದು ಮನೆ ಮಾಡಿಕೊಂಡು, ತಾನು ಸಂಶೋಧಕ ಅಂತ ಎಲ್ಲರಿಗೂ ಹೇಳಿಕೊಂಡು, ಅಲ್ಲಿನವರ ಜೊತೆ ದಿನ ಕಳೆದರು. ಆ ಜನ ಹೊರಗೆ ನಿಜವಾಗಿ ಯಾರು ಅಂತ ಹುಡುಕಿಕೊಂಡು ಹೋಗಲಿಲ್ಲ, ಅಲ್ಲಿನ ಬದುಕನ್ನು ಅಲ್ಲಿಯದೇ ಅಂತ ನೋಡಿದರು. ಅಲ್ಲಿನವರಿಗೆ ಅದೇ ಊರು. ನಿಮ್ಮ ಮಕ್ಕಳಿಗೆ ಊರು ಇರುವುದು ಹೊರಗೆ, ಅವರು ಅದನ್ನು ಹೊತ್ತುಕೊಂಡು ಒಳಗೆ ಬರುತ್ತಾರೆ. ಹಾಗಾಗಿ ನೀವು ಎರಡೂ ಕಡೆ ಇರಬೇಕು. ಆ ಹುಡುಗಿ ಕಟ್ಟಿದ ಹಿಂಬಾಗಿಲಿನ ಅರ್ಥ ತಿಳಿಯಬೇಕಾದರೆ ನಾನು ಒಂದು ಸಲ ಆ ಲೈನಿನಿಂದ ಆ ದಾರಿಯಲ್ಲಿ ಮೇಲೆ ನಡೆದು ಹೋಗಬೇಕಿತ್ತು.

ಟೀಚರ್ ಮತ್ತು ಸಂಶೋಧಕ ಎರಡೂ ನೀವೇ ಆಗುವುದು ಕಷ್ಟ ಅಂತಲೂ ಹೇಳುತ್ತೇನೆ. ತಿದ್ದುವ ಕೈ ಸುಮ್ಮನಿರುವುದಿಲ್ಲ. ಆಗಲೇಬೇಕು ಅಂತಿದ್ದರೆ ಲೋಕದೊಳಗೆ ಬ್ಲಾಕ್ ಇಡುವ, ತೆಗೆಯುವ ಅನುಮತಿಯನ್ನು ನಿಮ್ಮ ಖಾತೆಯಿಂದಲೇ ತೆಗೆಸಿಬಿಡಿ. ಲುವಾಂಟಿಯಲ್ಲಿ ಇಂಟರಾಕ್ಟ್ ಅಂತ ಒಂದು ಅನುಮತಿ ಇದೆ, ಅದಿಲ್ಲದಿದ್ದರೆ ಬರೀ ಓಡಾಡಬಹುದು. ಅದರ ಕಂಟ್ರೋಲ್ ಬೇರೆ ಯಾರ ಕೈಯಲ್ಲಾದರೂ ಇರಲಿ. ರೋಲ್‌ಬ್ಯಾಕ್ ರೆಕಾರ್ಡಿಂಗ್ ಅನ್ನುವ ಸೆಟ್ಟಿಂಗ್ ಮೊದಲಿಗೆ ಆಫ್ ಆಗಿರುತ್ತದೆ, ಆನ್ ಮಾಡಿ. ಯಾವ ಬ್ಲಾಕನ್ನು ಯಾರು ಇಟ್ಟರು, ಯಾರು ತೆಗೆದರು ಅಂತ ದಾಖಲಾಗುತ್ತದೆ. ದಿನದ ಕೊನೆಗೆ ಸರ್ವರ್ ನಿಲ್ಲಿಸಿ ಇಡೀ ಫೋಲ್ಡರನ್ನು ತಾರೀಕು ಹಾಕಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ಮಕ್ಕಳ ಚಾಟ್ ಓದುತ್ತೀರಿ ಅಂತಾದರೆ ಮಕ್ಕಳಿಗೂ ಹೇಳಿ, ಅಪ್ಪ ಅಮ್ಮಂದಿರಿಗೂ ಹೇಳಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಲೈನ್ ಮನೆಗಳಿಗೆ ನೀವೇ ಹೋಗಿ ಕೇಳಿ. ಚೀಟಿ ಕಳಿಸಿದರೆ ಸಹಿ ಬರುತ್ತದೆ, ಒಪ್ಪಿದರೋ ಇಲ್ಲವೋ ಗೊತ್ತಾಗುವುದಿಲ್ಲ.

ಹಿರಿಯರಿಗೆ ತೋರಿಸುವಾಗ ಮಕ್ಕಳು ಕಟ್ಟಿದ ಹಾಗೇ ತೋರಿಸಿ. ಕಟ್ಟಿದವರೇ ಮೌಸ್ ಹಿಡಿದಿರಲಿ, ನೀವು ಹಿಂದೆ ಕೂತು ಬರೆದುಕೊಳ್ಳಿ.

ಮತ್ತೆ ಜೂನ್‌ನಲ್ಲಿ ಶುರು ಮಾಡುತ್ತೇನೆ ಅಂದಿದ್ದೀರಿ. ಬೇಡ. ಜೂನ್ ಜುಲೈನಲ್ಲಿ ಇಲ್ಲಿ ಮಳೆ, ಗಾಳಿ, ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಕಂಪ್ಯೂಟರ್ ಕೆಲಸ ಏಪ್ರಿಲ್ ಮೇನಲ್ಲಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ನವೆಂಬರ್ ಡಿಸೆಂಬರಿನಲ್ಲಿ ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ, ಹೊರಗೆ ಕೆಲಸದಲ್ಲಿರುವ ಒಕ್ಕದವರೂ ಆಗ ಐನ್‌ಮನೆಗೆ ಬರುತ್ತಾರೆ. ಮನೆಯವರು ಕರೆದರೆ ಬನ್ನಿ, ಲ್ಯಾಪ್‌ಟಾಪ್ ತರಬೇಡಿ. ಮುಂದಿನ ಬಾಗಿಲಲ್ಲೂ ಕೂರಿ, ಹಿಂದಿನ ಬಾಗಿಲಲ್ಲೂ ಸ್ವಲ್ಪ ಹೊತ್ತು ಕೂರಿ. ಬರುವ ಮೊದಲು ಇಲ್ಲೇ ಒಂದು ಮಾತು ಬರೆದರೆ ಯಾವ ಕಡೆ ಯಾರನ್ನು ಕೇಳಬೇಕು ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.