ಚರ್ಚು ನೇಫ್ಸ್‌ನದು, ಜನ ಬೇರೆಯವರದು

ಪ್ರಶ್ನೆ: ಫ್ಲೆಮಿಶ್ ಕಲಾವಿದ ಪೀಟರ್ ನೇಫ್ಸ್‌ನ ಚರ್ಚುಗಳ ಚಿತ್ರಗಳಲ್ಲಿ ಜನರನ್ನು ಬೇರೆಯವರು ಬರೆದಿದ್ದಾರಂತೆ. ಮನುಷ್ಯರನ್ನೇ ಬರೆಯದವನು ದೊಡ್ಡ ಚಿತ್ರಕಾರ ಹೇಗಾದ?

ಉತ್ತರ: ನಿಮ್ಮ ಪತ್ರ ಓದಿ, ನನ್ನ ಬಳಿಯಿರುವ ನೇಫ್ಸ್ ಚಿತ್ರದ ಮುದ್ರಿತ ಪ್ರತಿಯೊಂದನ್ನು ಮತ್ತೆ ಹರಡಿಕೊಂಡು ಕೂತೆ. ಈಗಿನ ಬೆಲ್ಜಿಯಂನಲ್ಲಿರುವ ಆಂಟ್‌ವರ್ಪ್ ಊರಿನ ಕೆಥೆಡ್ರಲ್‌ನ ಒಳಗಿನ ನೋಟ. ನೆಲಗಲ್ಲಿನ ಗೆರೆಗುಂಟ ಒಂದು ದಾರ ಎಳೆದು ಹಿಡಿದೆ, ಕಂಬಗಳ ನೆತ್ತಿಯ ಗುಂಟ ಇನ್ನೊಂದು. ದೂರದಲ್ಲಿ ಎರಡೂ ಒಂದೇ ಬಿಂದುವಿಗೆ ಬಂದು ಕೂಡಿದವು. ಅಂಗೈಯಗಲದ ಜಾಗದಲ್ಲಿ ಅಷ್ಟು ದೊಡ್ಡ ಕಟ್ಟಡದ ಉದ್ದವನ್ನು ಹಿಡಿದಿಟ್ಟ ಆ ಕೈಗೆ ನಾನಂತೂ ಮನಸೋತಿದ್ದೇನೆ.

ನೇಫ್ಸ್ ಹುಟ್ಟಿದ್ದು 1578ರ ಆಸುಪಾಸಿನಲ್ಲಿ. 1609ರಲ್ಲಿ ಆಂಟ್‌ವರ್ಪ್‌ನ ಸಂತ ಲ್ಯೂಕ್ ಕಲಾವಿದರ ಸಂಘ ಸೇರಿದ. ಸ್ಟೀನ್‌ವೈಕ್ ಮನೆತನದ ಚಿತ್ರಕಾರರು ಹಾಕಿಕೊಟ್ಟ ದಾರಿ ಹಿಡಿದು ಬದುಕಿಡೀ ಚರ್ಚುಗಳ ಒಳನೋಟವನ್ನೇ ಬರೆದ. ಆ ಊರಿನಲ್ಲಿ ಕೆಲಸ ಹಂಚಿಕೊಳ್ಳುವುದು ವೃತ್ತಿಯ ರೂಢಿ. ರೂಬೆನ್ಸ್ ಮತ್ತು ಯಾನ್ ಬ್ರೂಗೆಲ್ ಕೂಡ ಒಂದೇ ಚಿತ್ರಕ್ಕೆ ಇಬ್ಬರೂ ಕೈಹಾಕಿದ್ದಾರೆ. ನೇಫ್ಸ್ ಕಟ್ಟಡ ಬರೆದರೆ ಫ್ರಾನ್ಸ್ ಫ್ರಾಂಕೆನ್‌ನಂಥವರು ಅದರಲ್ಲಿ ಜನರನ್ನು ತುಂಬುತ್ತಿದ್ದರು. ಇದರಲ್ಲಿ ಯಾರಿಗೂ ಕುಂದಿರಲಿಲ್ಲ. ಮಕ್ಕಳಾದ ಲೋಡೆವೈಕ್ ಮತ್ತು ಕಿರಿಯ ಪೀಟರ್ ಇಬ್ಬರೂ ಇದೇ ಕಸುಬಿಗೆ ಇಳಿದರು. ಅಪ್ಪ ಮಗ ಇಬ್ಬರ ಹೆಸರೂ ಪೀಟರ್ ಆದ್ದರಿಂದ ಯಾವುದು ಯಾರದೆಂದು ತಜ್ಞರು ಇಂದಿಗೂ ತಡಕಾಡುತ್ತಾರೆ.

ಅವನ ರಾತ್ರಿಯ ಚಿತ್ರಗಳನ್ನು ತಪ್ಪದೆ ನೋಡಿ. ಮೇಣದ ಬತ್ತಿಯ ಬೆಳಕು ಹತ್ತಿರದ ಕಂಬದ ಒಂದು ಮಗ್ಗುಲನ್ನಷ್ಟೇ ಬೆಚ್ಚಗೆ ಮಾಡುತ್ತದೆ. ಅದರಾಚೆಯ ಕಮಾನುಗಳು ಒಂದೊಂದಾಗಿ ಕತ್ತಲಿಗೆ ಸರಿಯುತ್ತವೆ.

ಇನ್ನೊಂದು ಮಾತು. 1566ರಲ್ಲಿ ಚರ್ಚಿನೊಳಗಿನ ವಿಗ್ರಹಗಳನ್ನು ಒಪ್ಪದ ಪ್ರಾಟೆಸ್ಟಂಟ್ ವಿಗ್ರಹಭಂಜಕರು ಆ ಕೆಥೆಡ್ರಲ್ಲಿನ ಬಲಿಪೀಠಗಳನ್ನು ಒಡೆದುಹಾಕಿದ್ದರು. 1585ರಲ್ಲಿ ಊರು ಮತ್ತೆ ಕ್ಯಾಥೊಲಿಕ್ ಸ್ಪೇನಿನ ಕೈಸೇರಿದ ಮೇಲೆ ಕಸುಬುದಾರರ ಸಂಘಗಳು ಕಂಬಗಳಿಗೆ ಆನಿಸಿ ಹೊಸ ಪೀಠಗಳನ್ನು ಕಟ್ಟಿಸಿದವು. ಬಂದೂಕುಧಾರಿಗಳ ಸಂಘವಂತೂ ತನ್ನ ಪೀಠಕ್ಕೆ ರೂಬೆನ್ಸ್‌ನಿಂದಲೇ ಚಿತ್ರ ಬರೆಸಿತು. 18ನೇ ಶತಮಾನದ ಕೊನೆಗೆ ಫ್ರೆಂಚರ ಕಾಲದಲ್ಲಿ ಆ ಪೀಠಗಳೂ ಹೋದವು. ನೇಫ್ಸ್ ಅಲ್ಲಿಷ್ಟು ಇಲ್ಲಿಷ್ಟು ಮಾರ್ಪಾಡು ಮಾಡಿಕೊಳ್ಳುತ್ತಿದ್ದ, ನಿಜ. ಆದರೂ ಸಾಲುಕಂಬಗಳಿಗೆ ಆನಿಸಿದ ಆ ಪೀಠಗಳು ಅವನು ಚಿತ್ರ ಬರೆದ ಮರದ ಹಲಗೆಗಳ ಮೇಲೆ ನಿಂತೇ ಇವೆ, ಎದುರಿಗೆ ಫ್ರಾಂಕೆನ್ ಬರೆದ ಜನ.